ಥಿಯೋಬಾಲ್ಡ್ ಸ್ಮಿತ್

ಥಿಯೋಬಾಲ್ಡ್ ಸ್ಮಿತ್ (ಜುಲೈ 31, 1859 – ಡಿಸೆಂಬರ್ 10, 1934) ಅಮೆರಿಕ ಸಂಯುಕ್ತ ಸಂಸ್ಥಾನದ ಸೂಕ್ಷ್ಮಜೀವಿ ವಿಜ್ಞಾನಿ ಹಾಗೂ ರೋಗವಿಜ್ಞಾನಿ. ದನಗಳಿಗೆ ಬರುವ ಟೆಕ್ಸಾಸ್ ಜ್ವರವು ರಕ್ತದ ಕೆಂಪು ಕಣಗಳೊಳಗೆ ವಾಸಿಸುವ ಏಕಕೋಶ ಪರೋಪಜೀವಿಯಿಂದ ಉಂಟಾಗುತ್ತದೆಂದೂ ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಉಣ್ಣೆ (ಮಲೆನಾಡಿನಲ್ಲಿ ಉಣುಗು) ಸಾಗಿಸುತ್ತದೆಂದೂ ಇವರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದರು. 1893ರಲ್ಲಿ ಪ್ರಕಟವಾದ ಈ ಸಂಶೋಧನೆಯು ಏಕಕೋಶ ಜೀವಿಯಿಂದ ಬರುವ ರೋಗವೊಂದನ್ನು ಸಂಧಿಪದಿಯು ಹರಡುತ್ತದೆ ಎಂಬುದಕ್ಕೆ ದೊರೆತ ಮೊದಲ ಪ್ರಾಯೋಗಿಕ ಸಾಕ್ಷ್ಯವೆಂದು ಪರಿಗಣಿತವಾಗಿದೆ. ಆರೋಗ್ಯವಾಗಿ ಕಾಣುವ ಪ್ರಾಣಿಯ ರಕ್ತದಲ್ಲಿಯೂ ರೋಗಾಣು ಅಡಗಿರಬಹುದು, ಆ ರಕ್ತವನ್ನು ನೇರವಾಗಿ ಚುಚ್ಚಿದರೂ ರೋಗ ಬರುತ್ತದೆ ಎಂಬುದು ಇದೇ ಸಂಶೋಧನೆಯ ಇನ್ನೊಂದು ಫಲಿತಾಂಶ. ಮಾನವರಲ್ಲಿ ರಕ್ತಪೂರಣದ ಮೂಲಕ ಹರಡುವ ಬೆಬೀಸಿಯೋಸಿಸ್ ರೋಗದ ವಿಷಯದಲ್ಲಿ ಈ ಎರಡನೆಯ ಫಲಿತಾಂಶಕ್ಕೆ ಇಂದು ವಿಶೇಷ ಮಹತ್ವವಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಮಿತ್ ಅವರು ನ್ಯೂಯಾರ್ಕ್ ರಾಜ್ಯದ ರಾಜಧಾನಿಯಾದ ಆಲ್ಬನಿ ನಗರದಲ್ಲಿ ಜನಿಸಿದರು. ತಂದೆ ಫಿಲಿಪ್ ಶ್ಮಿಟ್, ತಾಯಿ ತೆರೇಸಾ ಕೆಕ್ಸೆಲ್. ಇಬ್ಬರೂ ಜರ್ಮನಿಯಿಂದ ವಲಸೆ ಬಂದವರು. ತಂದೆಯದು ದರ್ಜಿ ವೃತ್ತಿ. ಮನೆಯ ಮಾತು ಜರ್ಮನ್ ಆಗಿದ್ದುದರಿಂದ ಬಾಲಕನಿಗೆ ಆ ಭಾಷೆ ಸಹಜವಾಗಿ ಒಲಿದಿತ್ತು. ಮುಂದೆ ಇದು ಅವರಿಗೆ ಬಹಳ ಉಪಯೋಗಕ್ಕೆ ಬಂದಿತು. ಆ ಕಾಲದಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಪ್ರಮುಖ ಲೇಖನಗಳು ಜರ್ಮನ್ ಭಾಷೆಯಲ್ಲಿ ಪ್ರಕಟವಾಗುತ್ತಿದ್ದವು. ರಾಬರ್ಟ್ ಕಾಕ್ ಅವರ ವಿಧಾನಗಳನ್ನು ಸ್ಮಿತ್ ಯುರೋಪಿಗೆ ಹೋಗದೆ ಮೂಲ ಬರಹಗಳನ್ನು ಓದಿಯೇ ಕಲಿತುಕೊಂಡರು.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿದ ಅವರು 1881ರಲ್ಲಿ ಪದವಿ ಗಳಿಸಿದರು. ಅಲ್ಲಿ ಸೈಮನ್ ಹೆನ್ರಿ ಗೇಜ್ ಎಂಬ ಪ್ರಾಧ್ಯಾಪಕರಿಂದ ಸೂಕ್ಷ್ಮದರ್ಶಕದ ಬಳಕೆಯಲ್ಲಿ ಉತ್ತಮ ತರಬೇತಿ ದೊರೆಯಿತು. 1883ರಲ್ಲಿ ಆಲ್ಬನಿ ವೈದ್ಯಕೀಯ ಕಾಲೇಜಿನಿಂದ ವೈದ್ಯ ಪದವಿಯನ್ನು ಪಡೆದರು. ಆದರೆ ರೋಗಿಗಳಿಗೆ ಚಿಕಿತ್ಸೆ ನೀಡುವ ವೃತ್ತಿಯನ್ನು ಅವರು ಹಿಡಿಯಲಿಲ್ಲ. ರೋಗಗಳ ಕಾರಣವೇ ಸರಿಯಾಗಿ ತಿಳಿಯದ ಆ ಕಾಲದಲ್ಲಿ ಸಂಶೋಧನೆಯ ಕಡೆಗೆ ಅವರ ಮನಸ್ಸು ವಾಲಿತ್ತು. ಪಿಯಾನೊ ಮತ್ತು ಆರ್ಗನ್ ವಾದನದಲ್ಲಿ ಅವರಿಗೆ ಪರಿಶ್ರಮವಿದ್ದು, ಸಂಗೀತದ ಅಭಿರುಚಿ ಕೊನೆಯವರೆಗೂ ಉಳಿದಿತ್ತು.

ವಾಷಿಂಗ್ಟನ್‌ನಲ್ಲಿ ಸರ್ಕಾರಿ ಸೇವೆ

1883ರ ಡಿಸೆಂಬರ್‌ನಲ್ಲಿ ಸ್ಮಿತ್ ಅಮೆರಿಕದ ಕೃಷಿ ಇಲಾಖೆಯ ಪಶುವೈದ್ಯ ವಿಭಾಗಕ್ಕೆ ಸೇರಿದರು. ಮರುವರ್ಷ ಈ ವಿಭಾಗವು ಪಶುಸಂಗೋಪನಾ ಕಾರ್ಯಾಲಯವಾಗಿ ರೂಪುಗೊಂಡಿತು. ಅದರ ಮುಖ್ಯಸ್ಥರು ಡೇನಿಯಲ್ ಎಲ್ಮರ್ ಸಾಲ್ಮನ್. ಹಂದಿ, ದನ, ಕೋಳಿಗಳ ಸಾಂಕ್ರಾಮಿಕ ರೋಗಗಳಿಂದ ಅಮೆರಿಕದ ರೈತರಿಗೂ ಮಾಂಸದ ರಫ್ತಿಗೂ ದೊಡ್ಡ ನಷ್ಟವಾಗುತ್ತಿದ್ದ ಕಾಲವದು. ಆ ರೋಗಗಳ ಕಾರಣವನ್ನು ಪ್ರಯೋಗಾಲಯದಲ್ಲಿ ಹುಡುಕುವ ಕೆಲಸ ಸ್ಮಿತ್ ಅವರ ಪಾಲಿಗೆ ಬಂದಿತು.

ಹಂದಿಗಳ ಕಾಲರಾ ರೋಗವನ್ನು ಅಧ್ಯಯನ ಮಾಡುವಾಗ 1885ರಲ್ಲಿ ಸ್ಮಿತ್ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದೇ ರೋಗಕ್ಕೆ ಕಾರಣವೆಂದು ಅಂದು ಭಾವಿಸಲಾಯಿತು. ರೋಗದ ನಿಜವಾದ ಕಾರಣ ಒಂದು ವೈರಸ್ ಎಂಬುದು 1903ರ ನಂತರ ಸ್ಪಷ್ಟವಾಯಿತು. ಆದರೂ ಈ ಬ್ಯಾಕ್ಟೀರಿಯಾದ ಮಹತ್ವ ಕಡಿಮೆಯಾಗಲಿಲ್ಲ. 1900ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಿನ್ಯೇರ್ ಈ ಕುಲಕ್ಕೆ ಕಾರ್ಯಾಲಯದ ಮುಖ್ಯಸ್ಥರ ಹೆಸರಿನಿಂದ ಸಾಲ್ಮೊನೆಲ್ಲಾ ಎಂದು ನಾಮಕರಣ ಮಾಡಿದರು. ಪ್ರಯೋಗಾಲಯದಲ್ಲಿ ಅದನ್ನು ಕಂಡವರು ಸ್ಮಿತ್ ಆಗಿದ್ದರೂ ಇಂದು ಜಗತ್ತು ಆ ಜೀವಿಯನ್ನು ಸಾಲ್ಮನ್ ಹೆಸರಿನಲ್ಲಿಯೇ ಗುರುತಿಸುತ್ತದೆ.

1886ರಲ್ಲಿ ಸಾಲ್ಮನ್ ಮತ್ತು ಸ್ಮಿತ್ ಇನ್ನೊಂದು ಮಹತ್ವದ ಫಲಿತಾಂಶವನ್ನು ಪ್ರಕಟಿಸಿದರು. ಶಾಖದಿಂದ ಕೊಂದ ಬ್ಯಾಕ್ಟೀರಿಯಾವನ್ನು ಪಾರಿವಾಳಗಳಿಗೆ ಚುಚ್ಚಿದಾಗ, ಅವು ಮುಂದೆ ಜೀವಂತ ಬ್ಯಾಕ್ಟೀರಿಯಾದ ದಾಳಿಯನ್ನು ತಡೆದುಕೊಂಡವು. ಜೀವಂತ ರೋಗಾಣುವಿಲ್ಲದೆಯೂ ರೋಗನಿರೋಧಕ ಶಕ್ತಿಯನ್ನು ಉಂಟುಮಾಡಬಹುದು ಎಂಬುದು ಇದರಿಂದ ತಿಳಿಯಿತು. ಅದೇ ವರ್ಷ ಸ್ಮಿತ್ ವಾಷಿಂಗ್ಟನ್‌ನ ಕೊಲಂಬಿಯನ್ ವಿಶ್ವವಿದ್ಯಾಲಯದಲ್ಲಿ (ಇಂದಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ) ಬ್ಯಾಕ್ಟೀರಿಯಾ ವಿಜ್ಞಾನವನ್ನು ಬೋಧಿಸಲು ಆರಂಭಿಸಿದರು. ಅಮೆರಿಕದ ವೈದ್ಯಕೀಯ ಶಿಕ್ಷಣದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಸ್ಥಾನ ದೊರೆತ ಮೊದಲ ಸಂಸ್ಥೆಗಳಲ್ಲಿ ಇದೂ ಒಂದು.

1888ರಲ್ಲಿ ಅವರು ಲಿಲಿಯನ್ ಹಿಲ್ಯರ್ ಎಗಲ್‌ಸ್ಟನ್ ಅವರನ್ನು ವಿವಾಹವಾದರು. ಈ ದಂಪತಿಗೆ ಇಬ್ಬರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗ.

ಟೆಕ್ಸಾಸ್ ಜ್ವರದ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಟೆಕ್ಸಾಸ್ ಮೊದಲಾದ ದಕ್ಷಿಣ ರಾಜ್ಯಗಳ ದನಗಳನ್ನು ಉತ್ತರದ ಮಾರುಕಟ್ಟೆಗಳಿಗೆ ಹೊಡೆದುಕೊಂಡು ಹೋಗುವುದು ಹೆಚ್ಚಾಯಿತು. ಆ ಮಂದೆಗಳು ಹಾದುಹೋದ ದಾರಿಯಲ್ಲಿದ್ದ ಉತ್ತರದ ದನಗಳು ಕೆಲವು ವಾರಗಳ ನಂತರ ಸಾಯತೊಡಗಿದವು. ವಿಪರೀತ ಜ್ವರ, ಕಡುಗೆಂಪು ಬಣ್ಣದ ಮೂತ್ರ, ರಕ್ತಹೀನತೆ, ಊದಿಕೊಂಡ ಗುಲ್ಮ ಇವು ರೋಗದ ಲಕ್ಷಣಗಳು. 1868ರಲ್ಲಿ ಇಲಿನಾಯ್ ಮತ್ತು ಇಂಡಿಯಾನಾ ರಾಜ್ಯಗಳಲ್ಲಿ ಈ ರೋಗ ಭಾರಿ ಪ್ರಮಾಣದಲ್ಲಿ ಹರಡಿತು. ದಕ್ಷಿಣದ ದನಗಳನ್ನು ತಡೆಯಲು ಉತ್ತರದ ರೈತರು ಕಾನೂನಿನ ಮೊರೆಹೋದರು. ಕೆಲವೆಡೆ ಬಂದೂಕು ಹಿಡಿದು ನಿಂತರು.

ಈ ರೋಗದ ವರ್ತನೆಯು ವಿಜ್ಞಾನಿಗಳಿಗೆ ಒಗಟಾಗಿತ್ತು. ರೋಗವನ್ನು ತರುವ ದಕ್ಷಿಣದ ದನಗಳು ತಾವು ಆರೋಗ್ಯವಾಗಿಯೇ ಇದ್ದವು. ರೋಗದಿಂದ ನರಳುವ ಉತ್ತರದ ದನಗಳು ತಮ್ಮ ಪಕ್ಕದ ದನಗಳಿಗೆ ಅದನ್ನು ಅಂಟಿಸುತ್ತಿರಲಿಲ್ಲ. ದಕ್ಷಿಣದ ಮಂದೆಯೊಂದು ಹುಲ್ಲುಗಾವಲನ್ನು ಬಿಟ್ಟುಹೋದ ಬಳಿಕವೂ ಅದೇ ಜಾಗದಲ್ಲಿ ಮೇಯಲು ಬಂದ ಉತ್ತರದ ದನಗಳು ಸಾಯುತ್ತಿದ್ದವು. ಚಳಿಗಾಲದ ಹಿಮ ಬಿದ್ದೊಡನೆ ರೋಗ ಮಾಯವಾಗುತ್ತಿತ್ತು. ದನಗಳ ಉಸಿರು, ಸೆಗಣಿ, ಜೊಲ್ಲು ಹೀಗೆ ಬಗೆಬಗೆಯ ಕಾರಣಗಳನ್ನು ಊಹಿಸಲಾಗಿತ್ತಾದರೂ ಯಾವುದೂ ಈ ಎಲ್ಲ ಸಂಗತಿಗಳನ್ನು ಒಟ್ಟಾಗಿ ವಿವರಿಸುತ್ತಿರಲಿಲ್ಲ.

ದನಗಾಹಿಗಳಲ್ಲಿ ಕೆಲವರು ಮಾತ್ರ ಇದಕ್ಕೆಲ್ಲ ಉಣ್ಣೆಯೇ ಕಾರಣವೆಂದು ಬಹಳ ಹಿಂದಿನಿಂದಲೂ ಹೇಳುತ್ತಿದ್ದರು. ಅಂದಿನ ಪಂಡಿತವರ್ಗ ಈ ಮಾತನ್ನು ಅಷ್ಟಾಗಿ ಲೆಕ್ಕಿಸಲಿಲ್ಲ. ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಪರೀಕ್ಷೆಗೆ ಯೋಗ್ಯವಾದ ಊಹೆಯೆಂದು ಎತ್ತಿಕೊಂಡರು.

ಹುಲ್ಲುಗಾವಲಿನ ಪ್ರಯೋಗಗಳು

1889ರ ಬೇಸಿಗೆಯಲ್ಲಿ ವಾಷಿಂಗ್ಟನ್ ನಗರದ ಹೊರವಲಯದಲ್ಲಿದ್ದ ಕಾರ್ಯಾಲಯದ ಪ್ರಯೋಗ ಕ್ಷೇತ್ರದಲ್ಲಿ ಕೆಲಸ ಆರಂಭವಾಯಿತು. ಕ್ಷೇತ್ರದ ಉಸ್ತುವಾರಿ ಪಶುವೈದ್ಯ ಫ್ರೆಡ್ ಲೂಸಿಯಸ್ ಕಿಲ್ಬೋರ್ನ್ ಅವರದು. ಉಣ್ಣೆಯ ಜೀವನಚಕ್ರವನ್ನು ಅಧ್ಯಯನ ಮಾಡಿದವರು ಕೂಪರ್ ಕರ್ಟಿಸ್. ರಕ್ತಪರೀಕ್ಷೆ ಮತ್ತು ಸೂಕ್ಷ್ಮದರ್ಶಕದ ಕೆಲಸವನ್ನು ಸ್ಮಿತ್ ನಿರ್ವಹಿಸಿದರು.

ನಾರ್ತ್ ಕ್ಯಾರೊಲಿನಾದಿಂದ ಉಣ್ಣೆ ಹತ್ತಿದ ದನಗಳನ್ನು ತರಿಸಲಾಯಿತು. ಬೇಲಿ ಹಾಕಿದ ಒಂದು ಆವರಣದಲ್ಲಿ ಈ ದನಗಳನ್ನು ಉತ್ತರದ ಆರೋಗ್ಯವಂತ ದನಗಳ ಜೊತೆಯಲ್ಲಿ ಬಿಡಲಾಯಿತು. ಎರಡನೆಯ ಆವರಣಕ್ಕೆ ಬಿಡುವ ದಕ್ಷಿಣದ ದನಗಳ ಮೈಯಿಂದ ಉಣ್ಣೆಗಳನ್ನು ಒಂದೊಂದಾಗಿ ಕೈಯಿಂದಲೇ ಹೆಕ್ಕಿ ತೆಗೆಯಲಾಯಿತು. ಮೂರನೆಯ ಆವರಣದಲ್ಲಿ ದಕ್ಷಿಣದ ದನಗಳೇ ಇರಲಿಲ್ಲ. ಅಲ್ಲಿ ಹುಲ್ಲಿನ ಮೇಲೆ ಉಣ್ಣೆಗಳನ್ನು ಮಾತ್ರ ಚೆಲ್ಲಿ ಉತ್ತರದ ದನಗಳನ್ನು ಮೇಯಲು ಬಿಟ್ಟರು. ಮೊದಲನೆಯ ಮತ್ತು ಮೂರನೆಯ ಆವರಣಗಳ ಉತ್ತರದ ದನಗಳು ರೋಗಕ್ಕೆ ತುತ್ತಾದವು. ಉಣ್ಣೆ ಹೆಕ್ಕಿದ ದನಗಳೊಡನೆ ಬೆರೆತಿದ್ದವು ಆರೋಗ್ಯವಾಗಿ ಉಳಿದವು. ದಕ್ಷಿಣದ ದನದ ಸಹವಾಸದಿಂದ ರೋಗ ಬರುವುದಿಲ್ಲ, ಉಣ್ಣೆಯಿಂದ ಬರುತ್ತದೆ ಎಂಬುದು ಇದರಿಂದ ಖಚಿತವಾಯಿತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಈ ಜಾತಿಯ ಉಣ್ಣೆಯು ತನ್ನ ಜೀವಮಾನದ ಹೀರುವ ಹಂತಗಳನ್ನೆಲ್ಲ ಒಂದೇ ದನದ ಮೇಲೆ ಕಳೆಯುತ್ತದೆ. ರಕ್ತ ಕುಡಿದು ಕೊಬ್ಬಿದ ಹೆಣ್ಣು ಉಣ್ಣೆ ನೆಲಕ್ಕೆ ಬಿದ್ದು, ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಅದು ಇನ್ನೊಂದು ದನವನ್ನು ಕಚ್ಚುವುದೇ ಇಲ್ಲ. ಹಾಗಾದರೆ ರೋಗವು ದಾಟುವುದು ಹೇಗೆ? ಇದನ್ನು ಅರಿಯಲು ಪ್ರಯೋಗಾಲಯದಲ್ಲಿ ಉಣ್ಣೆಯ ಮೊಟ್ಟೆಗಳನ್ನು ಮರಿಮಾಡಿಸಿ, ಹಿಂದೆಂದೂ ದನವನ್ನು ಮುಟ್ಟದ ಆ ಮರಿಗಳನ್ನು ಉತ್ತರದ ದನಗಳ ಮೈಮೇಲೆ ಬಿಡಲಾಯಿತು. ಆ ದನಗಳಿಗೂ ಜ್ವರ ಬಂದಿತು. ಅವುಗಳ ರಕ್ತದಲ್ಲಿ ಅದೇ ಪರೋಪಜೀವಿ ಕಂಡುಬಂದಿತು. ತಾಯಿ ಉಣ್ಣೆಯಿಂದ ಮೊಟ್ಟೆಯ ಮೂಲಕ ಮರಿಗೆ ರೋಗಾಣು ಸಾಗುತ್ತದೆ ಎಂಬ ತೀರ್ಮಾನಕ್ಕೆ 1890ರ ವೇಳೆಗೆ ತಂಡವು ಬಂದಿತು.

ಇದರೊಂದಿಗೆ ಹಳೆಯ ಒಗಟುಗಳೆಲ್ಲ ಬಿಡಿಸಿಕೊಂಡವು. ಮಂದೆ ಹೋದ ಮೇಲೆ ರೋಗ ಕಾಣಿಸಿಕೊಳ್ಳಲು ಬೇಕಾಗುತ್ತಿದ್ದ ವಾರಗಳು ನೆಲಕ್ಕೆ ಬಿದ್ದ ಉಣ್ಣೆ ಮೊಟ್ಟೆಯಿಟ್ಟು ಮರಿಯಾಗುವ ಅವಧಿ. ಚಳಿಗೆ ರೋಗ ನಿಲ್ಲುತ್ತಿದ್ದುದು ಉಣ್ಣೆಗಳು ಸಾಯುತ್ತಿದ್ದುದರಿಂದ. ರೋಗಪೀಡಿತ ದನದ ಪಕ್ಕದಲ್ಲಿದ್ದರೂ ಉಣ್ಣೆಯಿಲ್ಲದ ಕಡೆ ರೋಗ ಅಂಟುತ್ತಿರಲಿಲ್ಲ.

ರಕ್ತದಲ್ಲಿ ಅಡಗಿದ ರೋಗಾಣು

ಸ್ಮಿತ್ ಅವರ ಮುಖ್ಯ ಕೊಡುಗೆ ಇರುವುದು ರಕ್ತದ ಪರೀಕ್ಷೆಯಲ್ಲಿ. ರೋಗಪೀಡಿತ ದನಗಳ ಕೆಂಪು ರಕ್ತಕಣಗಳ ಎಣಿಕೆಯನ್ನು ದಿನದಿಂದ ದಿನಕ್ಕೆ ಮಾಡಿ, ಅವು ತೀವ್ರವಾಗಿ ನಾಶವಾಗುತ್ತಿರುವುದನ್ನು ಅವರು ಗುರುತಿಸಿದರು. ಕಣಗಳ ಒಳಗೆ ಮರಸೇಬಿನ ಆಕಾರದ, ಹೆಚ್ಚಾಗಿ ಜೋಡಿಜೋಡಿಯಾಗಿರುವ ಸೂಕ್ಷ್ಮ ಜೀವಿಗಳನ್ನು ಕಂಡು ಅದಕ್ಕೆ ಪೈರೋಸೋಮಾ ಬೈಜೆಮಿನಮ್ ಎಂಬ ಹೆಸರಿಟ್ಟರು. ಇದಕ್ಕೂ ಮೊದಲು 1888ರಲ್ಲಿ ರುಮೇನಿಯಾದ ವಿಕ್ಟರ್ ಬಾಬೆಶ್ ತಮ್ಮ ದೇಶದ ದನಗಳ ರಕ್ತದಲ್ಲಿ ಇಂತಹ ಜೀವಿಗಳನ್ನು ವರ್ಣಿಸಿದ್ದರು. ಆದುದರಿಂದ ಈ ಕುಲಕ್ಕೆ ಬೆಬೀಸಿಯಾ ಎಂಬ ಹೆಸರು ಸ್ಥಿರವಾಯಿತು. ಟೆಕ್ಸಾಸ್ ಜ್ವರದ ರೋಗಾಣುವಿನ ಇಂದಿನ ಹೆಸರು ಬೆಬೀಸಿಯಾ ಬೈಜೆಮಿನಾ.

ಉಣ್ಣೆಯನ್ನು ಪೂರ್ತಿ ಬದಿಗಿಟ್ಟು ನಡೆಸಿದ ಪ್ರಯೋಗಗಳೂ ಇದ್ದವು. ಪರೋಪಜೀವಿಯಿರುವ ರಕ್ತವನ್ನು ಉತ್ತರದ ದನಗಳಿಗೆ ನೇರವಾಗಿ ಚುಚ್ಚಿದಾಗ ಅವುಗಳಿಗೆ ಟೆಕ್ಸಾಸ್ ಜ್ವರ ಬಂದಿತು. ಕುರಿ, ಮೊಲ, ಗಿನಿ ಹಂದಿ, ಪಾರಿವಾಳಗಳಿಗೆ ಇದೇ ರೀತಿ ಚುಚ್ಚಿದರೂ ರೋಗ ಬರಲಿಲ್ಲ. ರೋಗದ ಸಾಂಕ್ರಾಮಿಕ ವಸ್ತು ರಕ್ತದಲ್ಲಿಯೇ ಇದೆ, ಉಣ್ಣೆಯು ಅದನ್ನು ಸಾಗಿಸುವ ನೈಸರ್ಗಿಕ ಮಾರ್ಗ ಮಾತ್ರ ಎಂಬುದು ಇದರಿಂದ ಸಿದ್ಧವಾಯಿತು.

ಅದಕ್ಕಿಂತಲೂ ಗಂಭೀರವಾದ ಸಂಗತಿ, ರೋಗವು ಸದಾಕಾಲ ನೆಲೆಸಿರುವ ದಕ್ಷಿಣ ಪ್ರದೇಶದಿಂದ ಬಂದ ದನಗಳು ಮೇಲ್ನೋಟಕ್ಕೆ ಪೂರ್ಣ ಆರೋಗ್ಯವಾಗಿದ್ದರೂ ಅವುಗಳ ರಕ್ತದಲ್ಲಿ ರೋಗಾಣು ಇರುತ್ತದೆ ಎಂಬುದು. ಆ ದನಗಳಿಗೆ ಕರುವಾಗಿದ್ದಾಗಲೇ ಉಣ್ಣೆ ಕಚ್ಚಿ, ರೋಗವು ಸೌಮ್ಯವಾಗಿ ಬಂದುಹೋಗಿರುತ್ತದೆ. ಎಳೆಯ ಪ್ರಾಯದಲ್ಲಿ ಈ ರೋಗ ಅಷ್ಟು ಮಾರಕವಲ್ಲ. ಅನಂತರ ದನಕ್ಕೆ ರಕ್ಷಣೆ ದೊರೆಯುತ್ತದೆ. ಆದರೆ ಪರೋಪಜೀವಿಯು ಸಂಪೂರ್ಣವಾಗಿ ತೊಲಗದೆ ಅತಿ ಕಡಿಮೆ ಸಂಖ್ಯೆಯಲ್ಲಿ ರಕ್ತದಲ್ಲಿ ಉಳಿದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ಕಾಣದಿರಬಹುದು. ಹೀಗಾಗಿ ಒಂದು ರಾಸು ಆರೋಗ್ಯವಾಗಿದೆ ಎಂಬುದು ಅದರ ರಕ್ತ ನಿರಪಾಯಕಾರಿ ಎಂಬುದಕ್ಕೆ ಪ್ರಮಾಣವಾಗುವುದಿಲ್ಲ.

ಈ ಎಲ್ಲ ಫಲಿತಾಂಶಗಳನ್ನು ಒಳಗೊಂಡ ಸುಮಾರು 300 ಪುಟಗಳ ವರದಿಯನ್ನು ಕಾರ್ಯಾಲಯವು 1893ರಲ್ಲಿ ತನ್ನ ಮೊದಲ ಬುಲೆಟಿನ್ ಆಗಿ ಹೊರತಂದಿತು. ಲೇಖಕರ ಸ್ಥಾನದಲ್ಲಿ ಸ್ಮಿತ್ ಮತ್ತು ಕಿಲ್ಬೋರ್ನ್ ಅವರ ಹೆಸರುಗಳಿದ್ದವು.

ಶ್ರೇಯಸ್ಸಿನ ವಿವಾದ

ಉಣ್ಣೆಯ ಜೀವನಚಕ್ರವನ್ನು ಬಿಡಿಸಿದ ಕರ್ಟಿಸ್ ಅವರ ಹೆಸರು ವರದಿಯ ಲೇಖಕರ ಸಾಲಿನಲ್ಲಿ ಇರಲಿಲ್ಲ. ಅವರು ಅಷ್ಟರಲ್ಲಿ ಕಾರ್ಯಾಲಯವನ್ನು ತೊರೆದಿದ್ದರು. ಈ ಸಂಶೋಧನೆಯಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಮುಂದೆ ಹಲವು ವರ್ಷ ಕಹಿ ಚರ್ಚೆಗೆ ಕಾರಣವಾಯಿತು. ಹುಲ್ಲುಗಾವಲಿನ ಪ್ರಯೋಗಗಳನ್ನು ಯೋಜಿಸಿ ನಡೆಸಿದ ಕಿಲ್ಬೋರ್ನ್, ಉಣ್ಣೆಯ ಬದುಕನ್ನು ಅರಿತ ಕರ್ಟಿಸ್, ರಕ್ತದೊಳಗಿನ ಜೀವಿಯನ್ನು ಗುರುತಿಸಿ ಒಟ್ಟು ವಾದವನ್ನು ಕಟ್ಟಿದ ಸ್ಮಿತ್, ಆಡಳಿತ ಮತ್ತು ಮಾರ್ಗದರ್ಶನ ಒದಗಿಸಿದ ಸಾಲ್ಮನ್ ಇವರೆಲ್ಲರ ಸಂಯುಕ್ತ ಪರಿಶ್ರಮವೆಂದು ಇತಿಹಾಸಕಾರರು ಇದನ್ನು ಕಾಣುತ್ತಾರೆ. 1926ರಲ್ಲಿ ಪಾಲ್ ಡಿ ಕ್ರೈಫ್ ಬರೆದ ಜನಪ್ರಿಯ ಕೃತಿಯೊಂದು ಸ್ಮಿತ್ ಅವರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟುದರಿಂದ ಸಾರ್ವಜನಿಕರಲ್ಲಿ ಅವರ ಹೆಸರೇ ಮುಂದೆ ನಿಂತಿತು.

ಮ್ಯಾಸಚೂಸೆಟ್ಸ್‌ನ ವರ್ಷಗಳು

ಸಾಲ್ಮನ್ ಅವರೊಡನೆ ಹೊಂದಾಣಿಕೆ ಕಷ್ಟವಾಗಿ 1895ರಲ್ಲಿ ಸ್ಮಿತ್ ಸರ್ಕಾರಿ ಸೇವೆಯನ್ನು ಬಿಟ್ಟು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದರು. ರಾಜ್ಯ ಆರೋಗ್ಯ ಮಂಡಳಿಯ ಪ್ರಯೋಗಾಲಯದ ನಿರ್ದೇಶಕರಾಗಿ ಗಂಟಲಮಾರಿಗೆ (ಡಿಫ್ತೀರಿಯಾ) ಪ್ರತಿವಿಷ ಮತ್ತು ಸಿಡುಬಿನ ಲಸಿಕೆಯ ತಯಾರಿಕೆಯನ್ನು ನಡೆಸಿದರು. 1896ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತುಲನಾತ್ಮಕ ರೋಗವಿಜ್ಞಾನದ ಪ್ರಾಧ್ಯಾಪಕರಾದರು. ಮನುಷ್ಯನ ಮತ್ತು ಪ್ರಾಣಿಗಳ ರೋಗಗಳನ್ನು ಒಂದೇ ದೃಷ್ಟಿಯಿಂದ ನೋಡುವ ಈ ಪೀಠ ಅವರ ಮನೋಧರ್ಮಕ್ಕೆ ಒಪ್ಪುವಂತಿತ್ತು.

ಈ ಅವಧಿಯಲ್ಲಿ ಅವರು ಮನುಷ್ಯರಿಗೆ ಬರುವ ಕ್ಷಯದ ಬ್ಯಾಕ್ಟೀರಿಯಾಕ್ಕೂ ದನಗಳ ಕ್ಷಯದ ಬ್ಯಾಕ್ಟೀರಿಯಾಕ್ಕೂ ಇರುವ ಭೇದವನ್ನು ಗುರುತಿಸಿದರು. 1898ರಲ್ಲಿ ಪ್ರಕಟವಾದ ಈ ತುಲನಾತ್ಮಕ ಅಧ್ಯಯನವು ಹಾಲಿನ ಮೂಲಕ ಕ್ಷಯ ಹರಡುವ ಪ್ರಶ್ನೆಯ ವೈಜ್ಞಾನಿಕ ಚರ್ಚೆಗೆ ಬುನಾದಿಯಾಯಿತು. ಪ್ರತಿವಿಷವನ್ನು ಪರೀಕ್ಷಿಸಲು ಬಳಸುತ್ತಿದ್ದ ಗಿನಿ ಹಂದಿಗಳಿಗೆ ಕೆಲವು ವಾರಗಳ ಅಂತರದ ಬಳಿಕ ಕುದುರೆಯ ಸೀರಮ್ಮನ್ನು ಮತ್ತೆ ಚುಚ್ಚಿದಾಗ ಅವು ಹಠಾತ್ತನೆ ಸಾಯುವುದನ್ನು ಅವರು ಗಮನಿಸಿದ್ದರು. ಜರ್ಮನಿಯ ಪಾಲ್ ಎರ್ಲಿಖ್ ಅವರಿಗೆ ಈ ವಿಷಯವನ್ನು ತಿಳಿಸಿದರು. ಅಲ್ಲಿ ಇದರ ಅಧ್ಯಯನ ನಡೆಸಿದ ರಿಚರ್ಡ್ ಓಟೊ ಇದನ್ನು ಥಿಯೋಬಾಲ್ಡ್ ಸ್ಮಿತ್ ವಿದ್ಯಮಾನವೆಂದು ಕರೆದರು. ಇದು ಇಂದು ಅನಾಫಿಲ್ಯಾಕ್ಸಿಸ್ ಎಂದು ಹೆಸರಾದ ತೀವ್ರ ಅಲರ್ಜಿಯ ಒಂದು ರೂಪ. ಗಂಟಲಮಾರಿಯ ವಿಷ ಮತ್ತು ಪ್ರತಿವಿಷಗಳ ಮಿಶ್ರಣದಿಂದ ಮಕ್ಕಳಿಗೆ ದೀರ್ಘಕಾಲದ ರಕ್ಷಣೆ ನೀಡಬಹುದೆಂಬ ಸೂಚನೆಯನ್ನೂ ಅವರು ಮುಂದಿಟ್ಟರು.

ಪ್ರಿನ್ಸ್‌ಟನ್ ಮತ್ತು ಕೊನೆಯ ದಿನಗಳು

1901ರಲ್ಲಿ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಸ್ಥಾಪನೆಯಾದಾಗ ಸ್ಮಿತ್ ಅದರ ವೈಜ್ಞಾನಿಕ ಮಂಡಳಿಯ ಸದಸ್ಯರಾಗಿದ್ದರು. ಅದರ ನಿರ್ದೇಶಕ ಪದವಿಯನ್ನು ಅವರಿಗೆ ನೀಡಲು ಮುಂದಾದಾಗ ಒಪ್ಪಲಿಲ್ಲ. ಮುಂದೆ ಸಂಸ್ಥೆಯು ಪ್ರಾಣಿಗಳ ರೋಗಗಳಿಗಾಗಿ ಪ್ರಿನ್ಸ್‌ಟನ್‌ನಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆದಾಗ, 1915ರಲ್ಲಿ ಅದರ ನಿರ್ದೇಶಕರಾಗಿ 1929ರವರೆಗೆ ಕೆಲಸ ಮಾಡಿದರು. ದನಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳು, ಹುಟ್ಟಿದ ಕರುವಿಗೆ ಗಿಣ್ಣುಹಾಲಿನಿಂದ ದೊರೆಯುವ ರಕ್ಷಣೆ ಮೊದಲಾದವು ಅಲ್ಲಿಯ ಅಧ್ಯಯನದ ವಿಷಯಗಳು.

ನಿವೃತ್ತಿಯ ನಂತರವೂ ಅವರು ಸಂಶೋಧನೆಯನ್ನು ಬಿಡಲಿಲ್ಲ. 1933ರಲ್ಲಿ ರಾಕ್‌ಫೆಲರ್ ಸಂಸ್ಥೆಯ ವೈಜ್ಞಾನಿಕ ಮಂಡಳಿಯ ಅಧ್ಯಕ್ಷರಾದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕವನ್ನು ನೀಡಿತು. ನೊಬೆಲ್ ಪ್ರಶಸ್ತಿ ಅವರಿಗೆ ದೊರೆಯಲಿಲ್ಲ. ಪರೋಪಜೀವಿತನ ಮತ್ತು ರೋಗಗಳ ಸಂಬಂಧವನ್ನು ಕುರಿತ ಅವರ ಗ್ರಂಥವು 1934ರಲ್ಲಿ ಪ್ರಕಟವಾಯಿತು. ಆಶ್ರಯ ನೀಡಿದ ಜೀವಿಯನ್ನು ಕೊಲ್ಲದೆ ಅದರೊಡನೆ ಸಮತೋಲನ ಸಾಧಿಸಿಕೊಂಡ ಪರೋಪಜೀವಿಯೇ ಹೆಚ್ಚು ಕಾಲ ಉಳಿಯುತ್ತದೆ ಎಂಬ ವಿಚಾರವನ್ನು ಅವರು ಈ ಕೃತಿಯಲ್ಲಿ ವಿಸ್ತರಿಸಿದರು. ಟೆಕ್ಸಾಸ್‌ನ ದನಗಳ ರಕ್ತದಲ್ಲಿ ಅವರು ಕಂಡಿದ್ದುದು ಇದಕ್ಕೆ ಸ್ಪಷ್ಟ ನಿದರ್ಶನ. ಅದೇ ವರ್ಷ ಡಿಸೆಂಬರ್ 10ರಂದು ನ್ಯೂಯಾರ್ಕ್ ನಗರದಲ್ಲಿ ಅವರು ನಿಧನರಾದರು.

ಪಶುಪಾಲನೆಯ ಮೇಲೆ ಪರಿಣಾಮ

ಸಂಶೋಧನೆಯ ಆಧಾರದ ಮೇಲೆ 1906ರಲ್ಲಿ ಅಮೆರಿಕ ಸರ್ಕಾರವು ದಕ್ಷಿಣ ರಾಜ್ಯಗಳಲ್ಲಿ ಉಣ್ಣೆ ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಆರ್ಸೆನಿಕ್ ಬೆರೆಸಿದ ನೀರಿನ ತೊಟ್ಟಿಗಳಲ್ಲಿ ದನಗಳನ್ನು ನಿಯತವಾಗಿ ಮುಳುಗಿಸಿ ಉಣ್ಣೆಗಳನ್ನು ಕೊಲ್ಲಲಾಗುತ್ತಿತ್ತು. ಈ ಒತ್ತಾಯವು ಸಣ್ಣ ರೈತರಿಗೆ ಹೊರೆಯಾಗಿದ್ದರಿಂದ ಹಲವೆಡೆ ಪ್ರತಿಭಟನೆಗಳು ನಡೆದವು. ಕೆಲವು ತೊಟ್ಟಿಗಳನ್ನು ಸ್ಫೋಟಕವಿಟ್ಟು ಒಡೆದುಹಾಕಿದರು. ಕೊನೆಗೆ 1943ರ ವೇಳೆಗೆ ಮೆಕ್ಸಿಕೊ ಗಡಿಯ ಒಂದು ಪಟ್ಟಿಯನ್ನು ಬಿಟ್ಟು ದೇಶದ ಉಳಿದ ಭಾಗದಿಂದ ಈ ಉಣ್ಣೆಯನ್ನು ನಿರ್ಮೂಲ ಮಾಡಲಾಯಿತು.

ರಕ್ತದ ಮೂಲಕ ರೋಗ ದಾಟುತ್ತದೆ ಎಂಬ ಅರಿವನ್ನು ರಕ್ಷಣೆಗಾಗಿಯೂ ಬಳಸಲಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಚೇತರಿಸಿಕೊಂಡ ದನಗಳ ರಕ್ತವನ್ನು ಇತರ ದನಗಳಿಗೆ ಚುಚ್ಚಿ, ಸೌಮ್ಯ ರೋಗವನ್ನು ಬರಿಸಿ, ಮಾರಕ ರೋಗದಿಂದ ಕಾಪಾಡುವ ಪದ್ಧತಿ ಬೆಳೆಯಿತು. ರೋಗದ ವಾಹಕವೇ ಲಸಿಕೆಯ ಮೂಲವಾಯಿತು.

ಭಾರತದಲ್ಲಿಯೂ ಬೆಬೀಸಿಯಾ ಬೈಜೆಮಿನಾ ದನಗಳಲ್ಲಿ ಕಂಡುಬರುತ್ತದೆ. ಕರ್ನಾಟಕದ ಹೈನುಗಾರರು ಸಾಕುವ ಹೋಲ್‌ಸ್ಟೀನ್ ಮತ್ತು ಜರ್ಸಿ ಮಿಶ್ರತಳಿಯ ಹಸುಗಳಲ್ಲಿ ಇದು ನಾಡತಳಿಗಳಿಗಿಂತ ತೀವ್ರವಾಗಿ ಕಾಣಿಸಿಕೊಳ್ಳುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ ಹಸುವಿನ ರಕ್ತಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ನಿರ್ಣಯಿಸುವ ಕ್ರಮವು ಸ್ಮಿತ್ ತಮ್ಮ ವರದಿಯಲ್ಲಿ ಸೂಚಿಸಿದ್ದ ಕ್ರಮವೇ ಆಗಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯೂ ಉಣ್ಣೆಯಿಂದ ಹರಡುವ ರೋಗವೇ. ಆದರೆ ಅದರ ಕಾರಣ ಒಂದು ವೈರಸ್ ಆಗಿದ್ದು ಬೆಬೀಸಿಯಾದಿಂದ ಭಿನ್ನವಾಗಿದೆ.

ಸಂಧಿಪದಿಗಳಿಂದ ಹರಡುವ ರೋಗಗಳ ಅಧ್ಯಯನ

ಸ್ಮಿತ್ ಮತ್ತು ಕಿಲ್ಬೋರ್ನ್ ಅವರ ವರದಿ ಹೊರಬಂದ ನಾಲ್ಕು ವರ್ಷಗಳ ಬಳಿಕ, 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. 1900ರಲ್ಲಿ ಕ್ಯೂಬಾದಲ್ಲಿ ವಾಲ್ಟರ್ ರೀಡ್ ಅವರ ತಂಡವು ಹಳದಿ ಜ್ವರವನ್ನು ಸೊಳ್ಳೆ ಹರಡುತ್ತದೆಂದು ಸಾಬೀತುಪಡಿಸಿತು. ರಕ್ತ ಹೀರುವ ಚಿಕ್ಕ ಜೀವಿಗಳ ಮೂಲಕ ರೋಗ ಸಾಗಬಲ್ಲದು ಎಂಬ ಚಿಂತನೆಗೆ ದನಗಳ ಪ್ರಯೋಗಗಳು ದೃಢವಾದ ಆಧಾರ ಒದಗಿಸಿದ್ದವು.

ರಕ್ತಪೂರಣದ ಸುರಕ್ಷತೆ ಮತ್ತು ಸ್ಮಿತ್ ಅವರ ಕೊಡುಗೆ

ಸ್ಮಿತ್ ಅವರ ಪ್ರಯೋಗಗಳು ದನಗಳಿಗೆ ಸೀಮಿತವಾಗಿದ್ದವು. ಮನುಷ್ಯರಲ್ಲಿ ಬೆಬೀಸಿಯಾ ಸೋಂಕು ಅವರ ಜೀವಿತಕಾಲದಲ್ಲಿ ತಿಳಿದಿರಲಿಲ್ಲ. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1922ರಿಂದ ನ್ಯೂಯಾರ್ಕಿನಲ್ಲಿ ರಾಕ್‌ಫೆಲರ್ ಸಂಸ್ಥೆಯಲ್ಲಿಯೇ ಕೆಲಸ ಮಾಡುತ್ತಿದ್ದರು. ಆದರೂ ರಕ್ತವನ್ನು ಸಂಗ್ರಹಿಸಿಟ್ಟು ಬಳಸುವ ರಕ್ತನಿಧಿಯು ಅಮೆರಿಕದ ಆಸ್ಪತ್ರೆಗಳಲ್ಲಿ ನೆಲೆಗೊಂಡುದು ಸ್ಮಿತ್ ಅವರ ನಿಧನದ ನಂತರ. ಷಿಕಾಗೊ ನಗರದ ಕುಕ್ ಕೌಂಟಿ ಆಸ್ಪತ್ರೆಯ ರಕ್ತನಿಧಿ ಆರಂಭವಾದುದು 1937ರಲ್ಲಿ.

ಮಾನವರಲ್ಲಿ ಬೆಬೀಸಿಯೋಸಿಸ್ ಮೊದಲ ಬಾರಿಗೆ ಖಚಿತವಾಗಿ ದಾಖಲಾದುದು 1957ರಲ್ಲಿ, ಅಂದಿನ ಯುಗೊಸ್ಲಾವಿಯಾದಲ್ಲಿ. ಗುಲ್ಮವನ್ನು ತೆಗೆಸಿಕೊಂಡಿದ್ದ ಆ ರೋಗಿ ಬದುಕುಳಿಯಲಿಲ್ಲ. 1969ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯಾಂಟಕೆಟ್ ದ್ವೀಪದಲ್ಲಿ ಗುಲ್ಮವಿದ್ದ ವ್ಯಕ್ತಿಯಲ್ಲಿಯೂ ಈ ರೋಗ ಕಂಡುಬಂದಿತು. ಇಲಿಗಳಲ್ಲಿರುವ ಬೆಬೀಸಿಯಾ ಮೈಕ್ರೋಟಿ ಎಂಬ ಪ್ರಭೇದವನ್ನು ಜಿಂಕೆ ಉಣ್ಣೆಯು ಮನುಷ್ಯರಿಗೆ ಸಾಗಿಸುತ್ತದೆ. ಅನೇಕರಲ್ಲಿ ಈ ಸೋಂಕು ಯಾವ ಲಕ್ಷಣವನ್ನೂ ತೋರದೆ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಅಂಥವರು ತಾವು ಆರೋಗ್ಯವಾಗಿದ್ದೇವೆಂದು ನಂಬಿ ರಕ್ತದಾನ ಮಾಡುತ್ತಾರೆ. ಸ್ಮಿತ್ ಕಂಡ ದಕ್ಷಿಣದ ದನಗಳ ಸ್ಥಿತಿಯೂ ಇದೇ ಆಗಿತ್ತು.

ಪರೋಪಜೀವಿಯು ಕೆಂಪು ಕಣದ ಒಳಗಿರುವುದರಿಂದ ರಕ್ತದಿಂದ ಬಿಳಿ ಕಣಗಳನ್ನು ಸೋಸಿ ತೆಗೆಯುವ ಕ್ರಮವು ಅದನ್ನು ನಿವಾರಿಸಲಾರದು. ರಕ್ತನಿಧಿಯ ಶೀತಲಪೆಟ್ಟಿಗೆಯಲ್ಲಿಯೂ ಅದು ವಾರಗಟ್ಟಲೆ ಜೀವಂತವಾಗಿರಬಲ್ಲದು. ಉಣ್ಣೆಯೇ ಇಲ್ಲದ ಊರಿನ ರೋಗಿಗೂ, ಚಳಿಗಾಲದಲ್ಲಿಯೂ, ಸೋಂಕು ತಗಲಲು ಇದರಿಂದ ಸಾಧ್ಯವಾಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತಜ್ಞರು 1979ರಿಂದ 2009ರವರೆಗಿನ ಅವಧಿಯಲ್ಲಿ ರಕ್ತಪೂರಣದಿಂದ ಉಂಟಾದ ಬೆಬೀಸಿಯಾ ಮೈಕ್ರೋಟಿ ಸೋಂಕಿನ 159 ಪ್ರಕರಣಗಳನ್ನು ಗುರುತಿಸಿದರು. ವೃದ್ಧರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳು, ಗುಲ್ಮವಿಲ್ಲದವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಸೋಂಕು ಪ್ರಾಣಾಂತಿಕವಾಗಬಹುದು. ರಕ್ತವನ್ನು ಪಡೆಯುವವರಲ್ಲಿ ಇಂಥವರ ಸಂಖ್ಯೆಯೇ ಹೆಚ್ಚು.

ಹಿಂದೆ ಈ ರೋಗ ಬಂದಿತ್ತೇ ಎಂದು ದಾನಿಯನ್ನು ಪ್ರಶ್ನಿಸುವುದೊಂದೇ ಬಹುಕಾಲ ಇದ್ದ ತಡೆ. ತನಗೆ ಸೋಂಕಿದೆಯೆಂದೇ ಅರಿಯದ ದಾನಿಯ ವಿಷಯದಲ್ಲಿ ಆ ಪ್ರಶ್ನೆ ನಿರರ್ಥಕ. 2018ರಲ್ಲಿ ದಾನಿಗಳ ರಕ್ತದಲ್ಲಿ ಬೆಬೀಸಿಯಾ ಪತ್ತೆಹಚ್ಚುವ ಪರೀಕ್ಷೆಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅನುಮೋದನೆ ನೀಡಿತು. 2019ರಲ್ಲಿ ರೋಗ ಹೆಚ್ಚಾಗಿರುವ 14 ರಾಜ್ಯಗಳು ಮತ್ತು ರಾಜಧಾನಿ ಪ್ರದೇಶದಲ್ಲಿ ದಾನದ ರಕ್ತವನ್ನು ಪರೀಕ್ಷಿಸುವಂತೆ ಶಿಫಾರಸು ಮಾಡಿತು. ಭಾರತದ ರಕ್ತನಿಧಿಗಳಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳ ಪರೀಕ್ಷೆ ಕಡ್ಡಾಯವಾಗಿದೆ. ಮಲೇರಿಯಾ ರೋಗಾಣುವೂ ಬೆಬೀಸಿಯಾದಂತೆ ಕೆಂಪು ಕಣಗಳೊಳಗೆ ವಾಸಿಸುವ ಏಕಕೋಶ ಜೀವಿಯೇ.

ಅಟೊವಾಕ್ವೋನ್ ಮತ್ತು ಅಜಿತ್ರೊಮೈಸಿನ್ ಔಷಧಗಳನ್ನು ಜೊತೆಯಾಗಿ ನೀಡಿ ಬೆಬೀಸಿಯೋಸಿಸ್‌ಗೆ ಚಿಕಿತ್ಸೆ ಮಾಡಲಾಗುತ್ತದೆ. ರೋಗ ಅತಿ ತೀವ್ರವಾದಾಗ ರೋಗಿಯ ಸೋಂಕಿತ ರಕ್ತವನ್ನು ಹೊರತೆಗೆದು ಶುದ್ಧ ರಕ್ತವನ್ನು ತುಂಬುವ ಕ್ರಮವೂ ಇದೆ. ಆ ಚಿಕಿತ್ಸೆಗೆ ಬಳಸುವ ರಕ್ತವೂ ಸೋಂಕಿನಿಂದ ಮುಕ್ತವಾಗಿರಬೇಕಾದುದರಿಂದ ದಾನಿಯ ಆರೋಗ್ಯವನ್ನು ನೋಡುವುದರೊಂದಿಗೆ ದಾನದ ರಕ್ತವನ್ನೂ ಪರೀಕ್ಷಿಸುವುದು ಅಗತ್ಯವಾಗಿದೆ. ಈ ಅಗತ್ಯದ ಮೂಲ ಕಾರಣವನ್ನು ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು 1893ರಲ್ಲಿಯೇ ದನಗಳ ರಕ್ತದಲ್ಲಿ ತೋರಿಸಿಕೊಟ್ಟಿದ್ದರು.